ಗೆಡ್ಡೆ ಬೆಳೆಯುವ ಚಿಕ್ಕವ್ವ

ನಮ್ಮ ಚಿಕ್ಕವ್ವ ದಿನಾ ಬೆಳಗ್ಗೆ ರಾಮನಗರದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಸಾಯಂಕಾಲದವರೆಗೂ ಬಾಯಿಲ್ಲದ ಜೀವಗಳಿಗೆ ಚಿತ್ರಹಿಂಸೆ ಕೊಟ್ಟು, ಚೊಕ್ಕವಾಗಿ ಕೈ ತೊಳೆದುಕೊಂಡು, ಮತ್ತೆ ರೈಲು ಹತ್ತಿ ಮನೆಗೆ ಬಂದು ಎರಡು ಮುದ್ದೆ ಉಣ್ಣುತ್ತಿದ್ದಳು ಎಂದರೆ ನೀವು ನಂಬಬೇಕು. ನಾನು ಅವಳ ಸ್ವಂತ ಅಕ್ಕನ ಮಗಳು, ಅವಳ ಮೇಲೆ ಇಲ್ಲದ್ದು ಹೇಳಿ ನನಗೇನು ಆಗಬೇಕು? ಊಟ ಕೊಡದೆ ಕೆಡವುವುದು, ಉಸಿರು ಕಟ್ಟಿಸುವುದು, ಹುಳಿ ಹಿಂಡುವುದು, ಕಾವು ಏರಿಸಿ ಬೇಯಿಸುವುದು, ಇದಿಷ್ಟೂ ಅವಳ ಉದ್ಯೋಗ. ಇದಕ್ಕಾಗಿ ಅವಳಿಗೆ ಒಂದು ಬಿಳಿ ಕೋಟು, ತಿರುಗುವ ಸ್ಟೂಲು, ಹೆಸರಿನ ಮುಂದೆ ಡಾಕ್ಟರ್ ಎಂಬ ಬಿರುದು ಎಲ್ಲವನ್ನೂ ಕೊಟ್ಟಿದ್ದರು.

ಹಿಂಸೆ ಪಡುತ್ತಿದ್ದವರು ಮನುಷ್ಯರಲ್ಲ, ಇಲಿಗಳೂ ಅಲ್ಲ, ಮಿದುಳಿನ ಗೆಡ್ಡೆಯ ಜೀವಕೋಶಗಳು. ಯಾರದೋ ತಲೆಯಿಂದ ತೆಗೆದ ಗೆಡ್ಡೆಯ ಚೂರನ್ನು ಪುಟ್ಟ ಪುಟ್ಟ ತಟ್ಟೆಗಳಲ್ಲಿ ಹಾಕಿ, ಕೆಂಪಗಿನ ಒಂದು ಸಾರು ಹೊಯ್ದು, ನಮ್ಮ ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟರೆ ಅವು ಅಲ್ಲೇ ಸಂಸಾರ ಹೂಡಿಕೊಂಡು ಬೆಳೆಯುತ್ತವಂತೆ. ಚೆನ್ನಾಗಿ ಬೆಳೆದ ಮೇಲೆ ಚಿಕ್ಕವ್ವ ಅವಕ್ಕೆ ಕಷ್ಟ ಕೊಡಬೇಕು. ಕಷ್ಟ ಬಂದಾಗ ಅವು ತಮ್ಮೊಳಗಿನ ಕೊಬ್ಬನ್ನು ಏನು ಮಾಡುತ್ತವೆ, ಕೂಡಿಡುತ್ತವೋ ಕರಗಿಸುತ್ತವೋ, ಅಂತ ನೋಡಿ ಬರೆಯಬೇಕು. ಹದಿನೈದು ವರ್ಷ ಅವಳು ಮಾಡಿದ್ದು ಇದೊಂದೇ ಕೆಲಸ.

ನಮ್ಮದು ಕೈಲಾಂಚದ ಕಡೆ ಒಂದು ಹಳ್ಳಿ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಮನೆಯ ಪಕ್ಕದಲ್ಲಿ ರೇಷ್ಮೆ ಹುಳದ ಮನೆ. ಅವ್ವ ಹುಳ ಮೇಯಿಸುವುದರಲ್ಲಿ ಪಳಗಿದ ಕೈ. ಚಿಕ್ಕವ್ವ ಕೈಗೂಸಾಗಿದ್ದಾಗಲೇ ಅವರ ತಾಯಿ ತೀರಿಕೊಂಡಿದ್ದರಿಂದ ತಂಗಿಯನ್ನು ಸಾಕಿದ್ದು, ಓದಿಸಿದ್ದು, ಮದುವೆಯಾಗಿ ಬರುವಾಗ ಸೆರಗಿಗೆ ಕಟ್ಟಿಕೊಂಡಂತೆ ಜೊತೆಗೆ ಕರೆತಂದದ್ದು ಎಲ್ಲ ಅವ್ವನೇ. ನಾನು ಹುಟ್ಟುವ ಹೊತ್ತಿಗೆ ಅವ್ವನಿಗೆ ಆಗಲೇ ಒಬ್ಬಳು ಮಗಳಿದ್ದಳು ಎಂದೇ ಹೇಳಬೇಕು. ನಿಜ ಹೇಳಬೇಕೆಂದರೆ ಈ ಪ್ರಬಂಧವನ್ನು ಅವ್ವ ಹೇಳಬೇಕಿತ್ತು, ನಾನು ಪಕ್ಕದಲ್ಲಿ ಕೂತು ನಗಬೇಕಿತ್ತು. ಅವಳಿಲ್ಲದ್ದರಿಂದ ನಾನು ಹೇಳುತ್ತಿದ್ದೇನೆ.

ಚಿಕ್ಕವ್ವ ಹುಳದ ಮನೆಯಲ್ಲಿ ಬೆಳೆದವಳು, ಹಾಗಾಗಿ ಅವಳ ಬಾಯಲ್ಲಿ ಲ್ಯಾಬಿನ ಭಾಷೆಯೂ ಹುಳದ ಮನೆಯ ಭಾಷೆಯೂ ಕಲಸಿಹೋಗಿದ್ದವು. ಒಂದು ದಿನ ರೈಲಿನಲ್ಲಿ ಪಕ್ಕದವಳ ಹತ್ತಿರ, "ನನ್ನವು ನಿನ್ನೆಯಿಂದ ಊಟ ಇಲ್ದೆ ಅವೆ ಕಣ್ರಿ, ಇವತ್ತು ಹೋಗಿ ನೋಡ್ಬೇಕು" ಅಂದಿದ್ದಾಳೆ. ಎದುರಿಗೆ ಚನ್ನಪಟ್ಟಣದಲ್ಲಿ ಹತ್ತಿದ ಒಬ್ಬ ಸಾಬರು ಕೂತಿದ್ದರು. ಗೂಡು ತಂದು ನೂಲು ತೆಗೆಸುವ ರೀಲರ್. ಅವರ ಕಿವಿ ನಿಮಿರಿತು.

"ಎಷ್ಟನೇ ಜ್ವರ ಮೇಡಂ?" ಎಂದು ಕೇಳಿದರು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲ್ಲಾಡದೆ ಒಂದು ದಿನ ಕೂರುತ್ತದೆ. ಇದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತೇವೆ. ಮೈ ಬಿಸಿ ಇರುವುದಿಲ್ಲ, ಕಾಯಿಲೆಯೂ ಅಲ್ಲ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲ್ಲಾಡಿಸಬಾರದು, ಹತ್ತಿರದಲ್ಲಿ ಗಟ್ಟಿಯಾಗಿ ಮಾತಾಡಲೂಬಾರದು ಎನ್ನುತ್ತಿದ್ದಳು ಅವ್ವ. ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಜ್ವರ ಬಂದು ಹೋಗುತ್ತದೆ.

"ಜ್ವರ ಅಲ್ಲ, ನಾನೇ ಊಟ ಕೊಡ್ತಾ ಇಲ್ಲ" ಎಂದಳು ಚಿಕ್ಕವ್ವ.

"ಯಾಕೆ, ಸೊಪ್ಪು ಸಿಗ್ಲಿಲ್ವಾ?"

"ಬೇಕಾದಷ್ಟು ಐತೆ. ಬೇಕಂತಲೇ ಕೊಡ್ತಾ ಇಲ್ಲ."

"ಗೂಡು ಕಟ್ತವಾ?"

"ಕಟ್ಟಲ್ಲ."

"ತೋಬಾ ತೋಬಾ. ಗೂಡೂ ಕಟ್ಟಲ್ಲ, ನೀವು ಸೊಪ್ಪೂ ಹಾಕಲ್ಲ. ಮತ್ತೆ ಯಾಕೆ ಸಾಕಿದೀರಾ ಅವನ್ನ?"

ಚಿಕ್ಕವ್ವ ಬಿಡದಿ ದಾಟುವವರೆಗೂ ಯೋಚನೆ ಮಾಡಿ, "ನಮ್ಮ ಡೈರೆಕ್ಟರೂ ಇದನ್ನೇ ಕೇಳ್ತಾರೆ" ಎಂದಳಂತೆ. ಮಾರನೆಯ ದಿನ ಸಾಬರು ಯಾರದೋ ತೋಟದಿಂದ ಒಂದು ಕಂತೆ ಎಳೆ ಸೊಪ್ಪು ತಂದು, "ನೀವು ತಿನ್ನಿಸ್ದಿದ್ರೂ ಪರ್ವಾಗಿಲ್ಲ, ಮುಂದೆ ಇಡಿ" ಎಂದು ಅವಳ ಮಡಿಲಿಗೆ ಹಾಕಿದರು. ಬಿಳಿ ಕೋಟಿನ ಜನರ ನಡುವೆ ಆ ಸೊಪ್ಪಿನ ಕಂತೆ ಹಿಡಿದುಕೊಂಡು ಅವಳು ಏನು ಮಾಡಿದಳೋ ನನಗೆ ತಿಳಿಯದು.

ಊರಿನಲ್ಲೂ ಅವಳ ಕೆಲಸದ ಬಗ್ಗೆ ಒಬ್ಬೊಬ್ಬರದು ಒಂದೊಂದು ಕಲ್ಪನೆ. ತಟ್ಟೆಯ ಕೆಂಪು ಸಾರಿಗೆ ಅವರ ಭಾಷೆಯಲ್ಲಿ ಮೀಡಿಯಾ ಎನ್ನುತ್ತಾರೆ. ಭಾನುವಾರವೂ ಚಪ್ಪಲಿ ಮೆಟ್ಟಿ ಹೊರಟವಳನ್ನು ಯಾರಾದರೂ ತಡೆದರೆ, "ಮೀಡಿಯಾ ಬದಲಾಯಿಸ್ಬೇಕು, ಬತ್ತೀನಿ" ಎಂದು ಓಡುತ್ತಿದ್ದಳು. ಟಿವಿ ಚಾನೆಲ್ಲುಗಳು ಒಂದರ ಹಿಂದೆ ಒಂದು ಹುಟ್ಟುತ್ತಿದ್ದ ಕಾಲ. ಇವಳು ಒಂದು ಚಾನೆಲ್ ಬಿಟ್ಟು ಇನ್ನೊಂದಕ್ಕೆ ಸೇರುತ್ತಿದ್ದಾಳೆ ಎಂದುಕೊಂಡ ಪಂಚಾಯಿತಿ ಮೆಂಬರೊಬ್ಬರು, ತಮ್ಮ ಬೀದಿಯ ಚರಂಡಿಯನ್ನು ಒಂದು ಸಲ ತೋರಿಸಿ ಎಂದು ಅರ್ಜಿ ಬರೆದುಕೊಂಡು ಬಂದರು. ಚಿಕ್ಕವ್ವ ಅರ್ಜಿ ಓದಿ, ಅದರಲ್ಲಿದ್ದ ಎರಡು ಕಾಗುಣಿತದ ತಪ್ಪು ತಿದ್ದಿ ವಾಪಸು ಕೊಟ್ಟಳು.

ಅವಳ ಮದುವೆ ಯಾಕಾಗಲಿಲ್ಲ ಎಂದು ಕೇಳುತ್ತೀರಾ? ಆ ಕಥೆಯೂ ಇದೆ. ಮಾಗಡಿ ಕಡೆಯಿಂದ ಒಂದು ಒಳ್ಳೆಯ ಮನೆತನದವರು ಹೆಣ್ಣು ನೋಡಲು ಬಂದಿದ್ದರು. ಹುಡುಗನ ತಂದೆ ತೋಟಗಾರ, ಮಾತಿಗೆ ಸಲೀಸಾದ ಮನುಷ್ಯ. ಉಪ್ಪಿಟ್ಟು ತಿನ್ನುತ್ತಾ, "ಏನ್ ಕೆಲ್ಸ ಮಾಡ್ತೀಯ ಮಗಾ?" ಎಂದು ಕೇಳಿದರು. ಹಳ್ಳಿಯವರಿಗೆ ಅರ್ಥವಾಗುವಂತೆ ಸರಳವಾಗಿ ಹೇಳೋಣ ಎಂದು ಚಿಕ್ಕವ್ವ, "ಗೆಡ್ಡೆ ಬೆಳೀತೀನಿ" ಅಂದಳು.

ಅವರ ಮುಖ ಅರಳಿತು. "ನಮ್ ಹಿತ್ಲಲ್ಲೂ ಸುವರ್ಣಗೆಡ್ಡೆ ಹಾಕಿದೀವಿ ಕಣವ್ವ. ನಿಂದ್ಯಾವ ಗೆಡ್ಡೆ?"

"ಮಿದುಳಿನ ಗೆಡ್ಡೆ."

"ಹಾಂ?"

"ತಲೆ ಒಳಗೆ ಬೆಳೆಯೋದು. ಚೆನ್ನಾಗಿ ಬೆಳೆದ ಮೇಲೆ ಊಟ ನಿಲ್ಲಿಸಿ, ಉಸಿರು ಕಟ್ಟಿಸ್ತೀನಿ."

ಹುಡುಗನ ತಾಯಿ ಉಪ್ಪಿಟ್ಟಿನ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. ಹುಡುಗ ತನ್ನ ತಲೆಯನ್ನೊಮ್ಮೆ ಮುಟ್ಟಿ ನೋಡಿಕೊಂಡ. ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎಂದು ಎದ್ದವರ ಕಾಗದ ಇವತ್ತಿನವರೆಗೂ ಬಂದಿಲ್ಲ. "ಲ್ಯಾಬಲ್ಲಿ ಕೆಲ್ಸ ಅಂತ ಹೇಳಿ ಸುಮ್ಕಿರಕ್ಕಾಗಲ್ವೇನೇ ನಿಂಗೆ?" ಎಂದು ಅವ್ವ ಅವತ್ತೆಲ್ಲ ಬೈದಳು. ಸಂಜೆ ಹೊತ್ತಿಗೆ ಬೈಗುಳ ಮುಗಿದು, ಆ ಹುಡುಗ ತಲೆ ಮುಟ್ಟಿಕೊಂಡದ್ದು ನೆನಪಾಗಿ, ಅಕ್ಕತಂಗಿಯರಿಬ್ಬರೂ ಹುಳದ ಮನೆಯಲ್ಲಿ ಸೊಪ್ಪು ಕತ್ತರಿಸುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಂದು ಸಲ ಅವ್ವನನ್ನೂ ನನ್ನನ್ನೂ ಲ್ಯಾಬಿಗೆ ಕರೆದುಕೊಂಡು ಹೋಗಿದ್ದಳು. ಬಾಗಿಲಲ್ಲೇ ಚಪ್ಪಲಿ ಬಿಡಿಸಿ, ಕೈಗೆ ಸ್ಪಿರಿಟ್ ಸುರಿದು, ತಲೆಗೆ ಟೋಪಿ ಹಾಕಿಸಿದರು. ಅವ್ವನಿಗೆ ಪರಮಾನಂದ. ಹುಳದ ಮನೆಗೆ ಕೈಕಾಲು ತೊಳೆಯದೆ ನುಗ್ಗುವವರ ಜೊತೆ ಜಗಳವಾಡಿಯೇ ಜೀವನ ಸವೆಸಿದವಳು ಅವಳು. "ನೋಡು, ಇಂಗಿರ್ಬೇಕು" ಎಂದು ನನ್ನನ್ನು ತಿವಿದಳು.

ಚಿಕ್ಕವ್ವ ಒಂದು ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತೋರಿಸಿದಳು. ಮಂಕು ಮಂಕಾದ ಕೋಶಗಳು, ಅವುಗಳೊಳಗೆ ಕುಂಕುಮ ಚೆಲ್ಲಿದಂತೆ ಕೆಂಪು ಚುಕ್ಕೆಗಳು. "ಕೊಬ್ಬಿಗೆ ಬಣ್ಣ ಹಾಕಿದೀನಿ. ಅದೇ ಕೆಂಪಗೆ ಕಾಣೋದು" ಅಂದಳು. ಆಮೇಲೆ ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆಗೆದು ಇನ್ನಷ್ಟು ತಟ್ಟೆಗಳನ್ನು ತೋರಿಸಿ, "ಇವಕ್ಕೆ ಊಟ ನಿಲ್ಲಿಸಿ ಎರಡು ದಿನ ಆಯ್ತು. ಈಗ ಬೆಳೆಯಲ್ಲ, ಸುಮ್ನೆ ಬಿದ್ದಿರ್ತವೆ" ಎಂದಳು.

"ಜ್ವರ ಬಂದಂಗೆ" ಅಂದಳು ಅವ್ವ.

ಚಿಕ್ಕವ್ವ ನಕ್ಕು, "ಹೂಂ ಕಣಕ್ಕ, ಜ್ವರ ಬಂದಂಗೆ ಅನ್ಕೊ" ಅಂದಳು.

ಅಷ್ಟೇ ಸಾಕಾಯಿತು. ಅವ್ವ ತುದಿಗಾಲಲ್ಲಿ ನಡೆಯತೊಡಗಿದಳು. ಆಚೆ ಮೇಜಿನ ಹತ್ತಿರ ಹರಟುತ್ತಿದ್ದ ಇಬ್ಬರು ವಿಜ್ಞಾನಿಗಳ ಬಳಿ ಹೋಗಿ ಬಾಯಿ ಮೇಲೆ ಬೆರಳಿಟ್ಟು, "ಒಸಿ ಮೆಲ್ಲುಕೆ ಮಾತಾಡ್ರಪ್ಪ, ಅಲ್ಲಿ ಜ್ವರದಾಗವೆ" ಎಂದಳು. ಅವರಿಗೆ ಏನರ್ಥವಾಯಿತೋ, ನಾವು ಹೊರಡುವ ತನಕ ಪಿಸುಮಾತಿನಲ್ಲೇ ಇದ್ದರು. ಈ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಈಗ ಹೇಳುವಾಗ ನಗು ಬರುವುದಿಲ್ಲ.

ಅದಾಗಿ ಎರಡು ವರ್ಷದ ಮೇಲೆ ಒಂದು ಬೆಳಗ್ಗೆ ಅವ್ವ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ನಾನು ಆಗ ರಾಮನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ, ಬಸ್ಸಿಗೆ ಹೊರಟು ನಿಂತಿದ್ದೆ. ನೋಡಿದರೆ ಎಲ್ಲ ತಟ್ಟೆಗಳಲ್ಲೂ ಬಲಗಡೆ ಅರ್ಧಕ್ಕೆ ಸೊಪ್ಪು ತುಂಬಿದೆ, ಎಡಗಡೆ ಅರ್ಧದ ಹುಳಗಳು ಬರಿ ತಟ್ಟೆಯಲ್ಲಿ ತಲೆ ಆಡಿಸುತ್ತಿವೆ. "ಏನವ್ವಾ, ಇವರೇನು ಪಾಪ ಮಾಡಿದ್ರು?" ಎಂದು ನಾನು ನಕ್ಕೆ. ಅಪ್ಪನೂ ನಕ್ಕರು. "ಯಾವ ಕಡೆ? ಎಲ್ಲಾ ಕಡೆ ಹಾಕಿದೀನಲ್ಲ" ಎಂದು ಅವ್ವ ನಮ್ಮನ್ನೇ ಬೆಪ್ಪರೆಂಬಂತೆ ನೋಡಿದಳು.

ಚಿಕ್ಕವ್ವ ನಗಲಿಲ್ಲ. ಅವ್ವನ ಎಡಗಡೆ ಹೋಗಿ ನಿಂತು, ಕೈಯನ್ನು ಮೆಲ್ಲಗೆ ಆಡಿಸಿ, "ಅಕ್ಕಾ, ಇದು ಎಷ್ಟು ಬೆರಳು?" ಎಂದಳು. ಅವ್ವ ಆ ಕಡೆ ತಿರುಗಲೇ ಇಲ್ಲ. ಚಿಕ್ಕವ್ವ ಹೊರಗೆ ಹೋಗಿ ಸುಣ್ಣದ ಮೂಟೆಯ ಮೇಲೆ ಕೂತುಬಿಟ್ಟಳು. ಅವತ್ತು ಅವಳ ರೈಲು ಅವಳನ್ನು ಬಿಟ್ಟು ಹೋಯಿತು.

ಸ್ಕ್ಯಾನ್ ಆಯಿತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಆದಷ್ಟು ತೆಗೆದಿದ್ದೇವೆ, ಬೇರು ಹಾಗೇ ಇದೆ ಎಂದರು ಡಾಕ್ಟರು. ರಿಪೋರ್ಟಿನಲ್ಲಿ ಗೆಡ್ಡೆಯ ಹೆಸರು ಬರೆದಿತ್ತು. ಹದಿನೈದು ವರ್ಷದಿಂದ ಚಿಕ್ಕವ್ವ ತನ್ನ ತಟ್ಟೆಗಳ ಮೇಲೆ ಬರೆದು ಅಂಟಿಸುತ್ತಿದ್ದುದು ಇದೇ ಜಾತಿಯ ಹೆಸರು. ಆ ಕಾಗದವನ್ನು ಮಡಿಸಿ, ಮತ್ತೆ ಬಿಡಿಸಿ, ಮತ್ತೆ ಮಡಿಸಿ, ಕೊನೆಗೆ ನನ್ನ ಕೈಗೆ ಕೊಟ್ಟು, "ನೀನೇ ಇಟ್ಕೊಳೇ" ಎಂದಳು.

ಅವ್ವ ಮಾತ್ರ ಆರಾಮಾಗಿದ್ದಳು. ನೋಡಲು ಬಂದವರಿಗೆಲ್ಲ ಅವಳೇ ಧೈರ್ಯ ಹೇಳುತ್ತಿದ್ದಳು. "ಏನೂ ಆಗಲ್ಲ ಬುಡ್ರವ್ವ. ನಮ್ ಕೂಸು ಸಾಕಿದ್ದು ಇದೇಯ. ಇದ್ರ ಬುದ್ಧಿ ಪೂರಾ ಅವಳಿಗೆ ಗೊತ್ತೈತೆ" ಎಂದು ಹೆಮ್ಮೆಯಿಂದ ತಂಗಿಯ ಕಡೆ ಕೈ ತೋರಿಸುತ್ತಿದ್ದಳು. ಬಂದವರು ತಿರುಗಿ ನೋಡುವಷ್ಟರಲ್ಲಿ ಚಿಕ್ಕವ್ವ ಕೊಟ್ಟಿಗೆಯಲ್ಲಿರುತ್ತಿದ್ದಳು. ಹಸುವಿನ ಮೈ ತಿಕ್ಕುವ ನೆಪ. ಒಂದೇ ಭಾನುವಾರ ಐದಾರು ಸಲ ಮೈ ತಿಕ್ಕಿಸಿಕೊಂಡ ಹಸು ನಮ್ಮ ಹೋಬಳಿಯಲ್ಲಿ ಅದೊಂದೇ ಇರಬೇಕು.

ಆ ಹಸುವಿನ ವಿಷಯ ಇನ್ನೂ ಇದೆ. ಅದು ದಿನೇ ದಿನೇ ದುಂಡಗಾಗುತ್ತಾ ಬಂತು. ಹಾಲು ಹೆಚ್ಚಿತು. ಏನು ತಿನ್ನಿಸುತ್ತಿದ್ದೀರಿ ಎಂದು ಡೇರಿಯಲ್ಲಿ ಅಪ್ಪನನ್ನು ಕೇಳಿದರು. ಅಪ್ಪನಿಗೆ ಗೊತ್ತಿರಲಿಲ್ಲ. ಇತ್ತ ಅವ್ವ ಸೊರಗುತ್ತಿದ್ದಳು. ರವಿಕೆ ಜೋಲಾಡುತ್ತಿತ್ತು, ಬಳೆ ಮೊಣಕೈವರೆಗೂ ಜಾರುತ್ತಿದ್ದವು. ಊಟದ ತಟ್ಟೆ ಕೊಟ್ಟರೆ, "ಇಟ್ಟೋಗು ಮಗಾ, ಮೆಲ್ಲುಕೆ ಉಣ್ತೀನಿ" ಎನ್ನುತ್ತಿದ್ದಳು. ಆಮೇಲೆ ಬಂದು ನೋಡಿದರೆ ತಟ್ಟೆ ಖಾಲಿ. ರಜೆ ಹಾಕಿ ಮನೆಯಲ್ಲಿದ್ದ ನನಗೆ ಇದು ಕಾಯಿಲೆಯ ಸೊರಗು ಎಂದೇ ಅನ್ನಿಸಿತ್ತು. ಆದರೆ ಚಿಕ್ಕವ್ವ ಒಪ್ಪಲಿಲ್ಲ. ಬಾವು ಇಳಿಯಲು ಕೊಟ್ಟಿರುವ ಮಾತ್ರೆ ನುಂಗಿದರೆ ವಿಪರೀತ ಹಸಿವಾಗಬೇಕು, ಮುಖ ಊದಿಕೊಳ್ಳಬೇಕು, ಇದು ಯಾಕೆ ಹೀಗೆ ಎಂದು ತಲೆ ಕೆಡಿಸಿಕೊಂಡಳು.

ಒಂದು ಭಾನುವಾರ ಮಧ್ಯಾಹ್ನ ಹುಳದ ಮನೆಯ ಕಿಟಕಿಯ ಜಾಲರಿಯ ಹಿಂದೆ ನಾವಿಬ್ಬರೂ ಕಳ್ಳರ ಹಾಗೆ ನಿಂತು ನೋಡಿದೆವು. ಅವ್ವ ತಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿಕೊಂಡು, ಎಡಗಾಲು ಎಳೆಯುತ್ತಾ ಹಿತ್ತಿಲಿಗೆ ಬಂದಳು. ಕೊಟ್ಟಿಗೆಯ ಹತ್ತಿರದ ಕಲಗಚ್ಚಿನ ಬಾನಿಯೊಳಕ್ಕೆ ಮುದ್ದೆಯನ್ನು ಹಾಕಿ, ಸಾರನ್ನೂ ಸುರಿದು, ತಟ್ಟೆ ತೊಳೆದಳು. ಹಸು ಅಭ್ಯಾಸದಂತೆ ಮುಂದಕ್ಕೆ ಬಂತು.

"ಅಕ್ಕಾ, ಏನ್ ಮಾಡ್ತಿದೀಯೇ?" ಎಂದು ಚಿಕ್ಕವ್ವ ಓಡಿ ಹೋಗಿ ಹಿಡಿದುಕೊಂಡಳು.

ಅವ್ವ ಸಿಕ್ಕಿಬಿದ್ದವಳಂತೆ ನಕ್ಕಳು. "ಸೊಪ್ಪು ನಿಲ್ಸಿದೀನಿ" ಅಂದಳು.

"ಏನು?"

"ತಲೇಲಿರೋದಕ್ಕೆ ಕಣೇ. ನಾನುಂಡ್ರೆ ಅದಕ್ಕೂ ಹೋಯ್ತದೆ. ನೀನೇ ತೋರಿಸ್ದಲ್ಲ ಅವತ್ತು, ಊಟ ನಿಲ್ಸಿದ್ರೆ ಜ್ವರ ಬಂದಂಗೆ ಸುಮ್ಕೆ ಬಿದ್ದಿರ್ತವೆ ಅಂತ. ನಾನಿರೋ ಗಂಟ ಅದು ಜ್ವರದಾಗೇ ಇರ್ಲಿ ಬುಡು. ನಾನೂ ಮೆಲ್ಲುಕೇ ಮಾತಾಡ್ತೀನಿ, ನೀನ್ ನೋಡಿಲ್ವಾ?"

ನೋಡಿದ್ದೆವು. ಆಸ್ಪತ್ರೆಯಿಂದ ಬಂದಾಗಿನಿಂದ ಅವ್ವನ ದನಿ ತಗ್ಗಿತ್ತು. ನಿಶ್ಶಕ್ತಿ ಎಂದುಕೊಂಡಿದ್ದೆವು.

"ಎಷ್ಟು ದಿನದಿಂದ?"

"ಮನೆಗ್ ಬಂದಾಗಿಂದ. ಒಸಿ ಗಂಜಿ ಕುಡೀತೀನಿ."

"ಹಸಿವಾಗಲ್ವೇನೇ ನಿಂಗೆ?"

"ಆಯ್ತದೆ ಕಣೇ, ಬೋ ಹಸಿವು. ಬೆಳಿಗ್ಗೆಯಿಂದ್ಲೂ ಅದೇ ಯೋಚ್ನೆ. ಏನ್ ಮಾಡದು, ತಡ್ಕಬೇಕು."

ಚಿಕ್ಕವ್ವ ಬಾನಿಯ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಅವ್ವನನ್ನೂ ಕೈ ಹಿಡಿದು ಕೂರಿಸಿಕೊಂಡಳು. ಆಮೇಲೆ ಕೇಳಿದಳು, "ಅಕ್ಕಾ, ಜ್ವರ ಎದ್ದ ಮೇಲೆ ಹುಳ ಏನ್ ಮಾಡ್ತವೆ?"

"ಹಸ್ಕೊಂಡು ಎದ್ದಿರ್ತವೆ. ಮೊದ್ಲಿಗಿಂತ ಜಾಸ್ತಿ ತಿಂತವೆ."

"ಇವೂ ಅಂಗೇಯ. ಅವತ್ತು ಕೆಂಪು ಚುಕ್ಕೆ ನೋಡ್ದಲ್ಲ, ಅದೇ ಕೊಬ್ಬು. ಕಷ್ಟ ಬಂತು ಅಂತ ಗೊತ್ತಾದ ತಕ್ಷಣ ಬಚ್ಚಿಟ್ಕೋತವೆ. ನಾವು ಊಟ ನಿಲ್ಸಿದ್ರೆ ಅದನ್ನ ಕರಗಿಸ್ಕೊಂಡು ತಿಂತಾ ಕೂತಿರ್ತವೆ. ನೀನು ಹಸ್ಕೊಂಡಿದ್ರೆ ಸೊರಗೋದು ನೀನು, ಅದಲ್ಲ. ಹದಿನೈದು ವರ್ಷದಿಂದ ನೋಡಿದೀನಿ. ಒಂದೂ ಸಾಯಲ್ಲ."

"ಒಂದೂ?"

"ಒಂದೂ ಇಲ್ಲ ಕಣಕ್ಕ."

ಅವ್ವ ತಂಗಿಯ ಮುಖವನ್ನೇ ನೋಡಿದಳು. "ಅಂಗಾರೆ ಏನ್ ಮಾಡಿದ್ರೆ ಸಾಯ್ತದೆ?"

"ಗೊತ್ತಾಗಿಲ್ಲ ಅಕ್ಕಾ, ಇನ್ನೂ."

"ಇಷ್ಟು ವರ್ಷ ರೈಲಲ್ಲಿ ಹೋಗಿ ಬಂದು ಇನ್ನೂ ಗೊತ್ತಾಗ್ಲಿಲ್ವೇನೇ ನಿಂಗೆ?" ಎಂದಳು ಅವ್ವ. ಬೈಗುಳವಲ್ಲ, ಪರೀಕ್ಷೆಯಲ್ಲಿ ನಪಾಸಾಗಿ ಬಂದ ಮಗುವನ್ನು ಕೇಳುವ ಹಾಗೆ ಕೇಳಿದಳು. ಚಿಕ್ಕವ್ವ ತಲೆ ತಗ್ಗಿಸಿದಳು. ಅವ್ವ ಅವಳ ಬೆನ್ನು ಸವರಿ, "ಹೋಗ್ಲಿ ಬುಡು. ಒಳಗೆ ಮುದ್ದೆ ಐತಾ ನೋಡು" ಎಂದಳು.

ಆ ಮಧ್ಯಾಹ್ನ ಅವ್ವ ಒಂದೂವರೆ ಮುದ್ದೆ ಉಂಡಳು. ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು. ಅವಳು ಉಣ್ಣುವುದನ್ನು ನೋಡುತ್ತಾ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆ. ಅಷ್ಟು ಹಸಿವನ್ನು ಅವಳು ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ.

ಅಲ್ಲಿಂದಾಚೆಗೆ ಚಿಕ್ಕವ್ವ ರಜೆ ಹಾಕಿ ಮನೆಯಲ್ಲಿ ಕೂತಳು. ಅವಳಿಗೆ ಅಡುಗೆ ಬರುತ್ತಿರಲಿಲ್ಲ. ಪಾತ್ರೆ ಮುಚ್ಚಳ ತೆಗೆದರೆ ಅದರ ಮೇಲೆ ಮಾತಾಡಬೇಡ ಎನ್ನುವಳು, ಸೌಟಿಗೂ ಸ್ಪಿರಿಟ್ ಹಾಕಿ ಒರೆಸುವಳು, ಉಪ್ಪಿಟ್ಟಿನ ನೀರನ್ನು ಅಳತೆ ಗ್ಲಾಸಿನಲ್ಲಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುವಳು. ಇಷ್ಟಾದರೂ ಉಪ್ಪಿಟ್ಟು ಗಂಟುಗಂಟಾಗುತ್ತಿತ್ತು. ಮಂಚದ ಮೇಲೆ ಮಲಗಿಯೇ ಅವ್ವ ಪಾಠ ಹೇಳುತ್ತಿದ್ದಳು.

ಗೆಡ್ಡೆ ಆಚೆ ಪಕ್ಕಕ್ಕೂ ಹಬ್ಬಿದೆ ಎಂದರು. ಅವ್ವನ ಬಾಯಿಂದ ಪದಗಳು ಒಂದೊಂದಾಗಿ ಹೋಗತೊಡಗಿದವು. ಮೊದಲು ಹೋದದ್ದು ವಸ್ತುಗಳ ಹೆಸರು. "ಅದಾಕು, ಹಳದೀದು" ಎನ್ನುತ್ತಿದ್ದಳು.

"ಅರಿಶಿನವಾ?"

"ಅಲ್ವೇ. ಹುಳೀದು. ಹಿಂಡೋದು."

"ನಿಂಬೆಹಣ್ಣಾ?"

"ಅದೇಯ" ಎಂದು ಅವ್ವ ನಗುತ್ತಿದ್ದಳು. ಒಗಟು ಬಿಡಿಸಿದ ಖುಷಿಯಲ್ಲಿ ಚಿಕ್ಕವ್ವನೂ ನಗುತ್ತಿದ್ದಳು. ಆಮೇಲೆ ವಾಕ್ಯಗಳು ಹೋದವು. ಒಂದು ಮಾತು, ಎರಡು ಮಾತು ಉಳಿದವು. "ಉಣ್ಣು" ಎಂದು ಚಿಕ್ಕವ್ವ ತುತ್ತು ಹಿಡಿದರೆ, "ನೀನು?" ಎನ್ನುತ್ತಿದ್ದಳು ಅವ್ವ. ಚಿಕ್ಕವ್ವ ಒಂದು ತುತ್ತು ತನ್ನ ಬಾಯಿಗೆ ಹಾಕಿಕೊಂಡು ತೋರಿಸಿದ ಮೇಲೆಯೇ ಬಾಯಿ ತೆರೆಯುತ್ತಿದ್ದಳು. ಅವರೆಕಾಯಿ ಕಾಲ ಮುಗಿಯುವ ಮುಂಚೆ, ಒಂದು ಬೆಳಗ್ಗೆ, ಅವ್ವ ಹೋದಳು. ಹಿಂದಿನ ದಿನ ಅವರೆಕಾಳು ಸಾರಲ್ಲಿ ನಾಲ್ಕು ತುತ್ತು ಉಂಡಿದ್ದಳು.

ಹನ್ನೊಂದು ದಿನ ಕಳೆದು ಚಿಕ್ಕವ್ವ ಕೆಲಸಕ್ಕೆ ಹೊರಟಳು. ನಾನೂ ಸ್ಟೇಷನ್ನಿಗೆ ಹೋದೆ. ರೈಲು ಬರಲು ಹೊತ್ತಿತ್ತು. ಪ್ಲಾಟ್‌ಫಾರಂ ಬೆಂಚಿನ ಮೇಲೆ ಇಬ್ಬರೂ ಕೂತಿದ್ದೆವು.

"ಒಂದೂ ಸಾಯಲ್ಲ ಅಂದ್ನಲ್ಲ ಅಕ್ಕಂಗೆ" ಎಂದಳು ಚಿಕ್ಕವ್ವ, ಹಳಿಯನ್ನೇ ನೋಡುತ್ತಾ. "ಸಾಯ್ತವೆ ಕಣೇ. ಕೊಬ್ಬು ಕೂಡಿಟ್ಕೊಂಡವು ಉಳೀತವೆ, ಎಷ್ಟೋ ತಟ್ಟೆ ಪೂರ್ತಿ ಸತ್ತೋಯ್ತವೆ. ಸತ್ತೋದ ತಟ್ಟೆಗಳ ವಿಷ್ಯ ನಾನು ಅಕ್ಕಂಗೆ ಹೇಳ್ಲೇ ಇಲ್ಲ. ತಟ್ಟೇಲಾಗೋದು ಮನುಷ್ಯರ ತಲೇಲಿ ಆಯ್ತದೋ ಇಲ್ವೋ, ಅದು ನಂಗೂ ಗೊತ್ತಿಲ್ಲ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅವಳು ಊಟ ಬಿಟ್ಟೇ ಇದ್ದಿದ್ರೆ ನಾಲ್ಕು ದಿನ ಜಾಸ್ತಿ ಇರ್ತಿದ್ಲೇನೋ. ಇರ್ತಿರ್ಲಿಲ್ವೇನೋ."

"ಮತ್ಯಾಕೆ ಅಂಗಂದೆ ಚಿಕ್ಕವ್ವ?"

"ಹಸಿವಾಯ್ತದೆ ಅಂದ್ಲಲ್ಲೇ ಅವಳು."

ಚಿಕ್ಕವ್ವ ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅವ್ವ ಹೋದ ದಿನವೂ ಅವಳು ಅತ್ತಿರಲಿಲ್ಲ. ಬ್ಯಾಗನ್ನು ಮಡಿಲಲ್ಲಿ ಅವುಚಿಕೊಂಡು, ಅಷ್ಟು ಜನರ ನಡುವೆ, ಬಾಯಿ ಮುಚ್ಚಿಕೊಳ್ಳಲೂ ತಿಳಿಯದೆ ಅತ್ತಳು. ದೂರದಲ್ಲಿ ರೈಲಿನ ಸದ್ದು ಕೇಳಿತು. ನನಗೆ ಗಾಬರಿಯಾಯಿತು. ಇವಳು ಹೀಗೇ ಹತ್ತಿಬಿಟ್ಟರೆ ಆ ತಟ್ಟೆಗಳ ಮುಂದೆ ದಿನಾ ಹೇಗೆ ಕೂರುತ್ತಾಳೆ?

"ಅವ್ವಂಗೆ ಗೊತ್ತಿತ್ತು ಚಿಕ್ಕವ್ವ" ಎಂದೆ.

ಅವಳು ತಿರುಗಿದಳು.

"ಕೊನೆ ವಾರದಲ್ಲಿ ನೀನು ಒಳಗೆ ಸಾರು ಬಿಸಿ ಮಾಡ್ತಿದ್ದಾಗ ನನ್ ತಾವ ಹೇಳಿದ್ಲು. 'ನಿಮ್ ಚಿಕ್ಕವ್ವ ಅವತ್ತು ಸುಳ್ಳು ಹೇಳಿದ್ಲು ಮಗಾ, ಮುಖ ನೋಡಿದಾಗ್ಲೇ ಗೊತ್ತಾಯ್ತು. ನಾನುಂಡ್ರೆ ಅವಳಿಗೆ ಸಮಾಧಾನ ಅಂತ ಉಂಡೆ. ಅವಳ ಕೈಲಿ ಉಂಡಿದ್ದೇ ನಂಗೆ ಬೋ ಸುಖ ಆಯ್ತು' ಅಂದ್ಲು."

ಚಿಕ್ಕವ್ವ ಸೆರಗಿನಿಂದ ಮುಖ ಒರೆಸಿಕೊಂಡು ರೈಲು ಹತ್ತಿದಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಸರಳುಗಳ ನಡುವಿನಿಂದ ಕೈ ಚಾಚಿ ನನ್ನ ಕೈ ಹಿಡಿದುಕೊಂಡು, "ನಿಜವಾಗ್ಲೂ ಅಂದ್ಲಾ?" ಎಂದು ಕೇಳಿದಳು.

"ನಿಜವಾಗ್ಲೂ" ಎಂದೆ.

ಕೊನೆಯ ವಾರದಲ್ಲಿ ಅಷ್ಟುದ್ದದ ಮಾತು ಅವ್ವನ ಬಾಯಲ್ಲಿ ಉಳಿದಿರಲಿಲ್ಲ. ದಿನವೂ ಮಗ್ಗುಲಲ್ಲಿ ಕೂತು ತುತ್ತಿಟ್ಟ ಚಿಕ್ಕವ್ವನಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ಹೂಂ, ಅವಳು ಅಂಗೇ ಅನ್ನೋಳು" ಎಂದು ಕೈ ಬಿಟ್ಟಳು.